ಅರವತ್ತು ಹೆಜ್ಜೆ, ನಲವತ್ತು ಹೆಜ್ಜೆ

ನನ್ನ ಕ್ಷೇತ್ರಕಾರ್ಯದ ಡೈರಿಗಳಲ್ಲಿ ಆ ಬಂಡೆಗೆ ಕೊಟ್ಟ ಐದು ಭೇಟಿಗಳ ದಾಖಲೆಯಿದೆ. ಮೊದಲ ನಾಲ್ಕನ್ನು ಓದುವಾಗ ನನಗೆ ಏನೂ ಆಗುವುದಿಲ್ಲ. ಐದನೆಯದರ ಪುಟ ತೆರೆದರೆ ಹಾಗಲ್ಲ. ಒಂದೆರಡು ಸಾಲು ಓದಿ ಮುಚ್ಚಿಟ್ಟು, ಮುಂಬಾಗಿಲಿನ ಚಿಲಕ ಹಾಕಿದೆಯೇ ಎಂದು ಹಾಡುಹಗಲಿನಲ್ಲೇ ಎದ್ದು ಹೋಗಿ ನೋಡುತ್ತೇನೆ. ಶಾಸನಗಳ ಕಾಲನಿರ್ಣಯವನ್ನೇ ವೃತ್ತಿಯಾಗಿ ಮಾಡಿಕೊಂಡು ನಿವೃತ್ತನಾದವನು ನಾನು. ಎರಡು ಸ್ವತಂತ್ರ ಆಧಾರಗಳಿಲ್ಲದೆ ಯಾವ ಘಟನೆಯ ಕಾಲವನ್ನೂ ಒಪ್ಪದಿರುವುದು ನನ್ನ ರೂಢಿ. ಈ ಘಟನೆಗೂ ಅದನ್ನೇ ಅನ್ವಯಿಸಿದೆ. ಅನ್ವಯಿಸದೆ ಬಿಟ್ಟಿದ್ದರೆ ಭಯವು ಒಂದು ವಾರದಲ್ಲಿ ಇಳಿದುಹೋಗುತ್ತಿತ್ತೇನೋ.

ಬಂಡೆ ಇರುವುದು ಮಧುಗಿರಿಗೂ ಕೊರಟಗೆರೆಗೂ ನಡುವಿನ ಗುಡ್ಡಸಾಲಿನಲ್ಲಿ. ಊರಿನ ಹೆಸರನ್ನು ಬರೆಯುವುದಿಲ್ಲ; ಯಾರೂ ಅದನ್ನು ಹುಡುಕಿಕೊಂಡು ಹೋಗಬಾರದು. ಗುಡ್ಡದ ಬುಡದಲ್ಲಿ ಒಂದು ರಾಗಿ ಹೊಲ, ಅದರ ಬದುವಿನ ಮೇಲೆ ನಾಲ್ಕು ಹುಣಸೆಮರ. ಅಲ್ಲಿಂದ ತುಸು ಏರಿದರೆ ಒಂದು ಹಾಸುಬಂಡೆ. ಹಾಸುಬಂಡೆಯಿಂದ ನನ್ನ ಅಳತೆಯ ಅರವತ್ತು ಹೆಜ್ಜೆ ಆಚೆಗೆ ಮನೆಯಷ್ಟು ಎತ್ತರದ ಒಂದು ಗುಂಡು, ಅದೇ ನಾನು ಹೇಳಿದ ಬಂಡೆ. ಗುಂಡಿನ ನಡುಮಟ್ಟದಲ್ಲಿ ಮೂರು ಸಾಲಿನ ಶಾಸನ. ಶಾಸನದ ಮೇಲ್ಗಡೆ ಅಡ್ಡಲಾಗಿ ಒಂದು ದೊಡ್ಡ ಬಿರುಕು ಬಾಯಿಬಿಟ್ಟುಕೊಂಡಿದೆ. ಮೊದಲ ಎರಡು ಸಾಲುಗಳಲ್ಲಿ ಒಂದು ಕೆರೆಯ ಮತ್ತು ಅದಕ್ಕೆ ಬಿಟ್ಟ ಗದ್ದೆಯ ವಿಷಯ ಇದೆ. ಕಾಲದ ಉಲ್ಲೇಖವಿರಬೇಕಾದದ್ದು ಮೂರನೆಯ ಸಾಲಿನಲ್ಲಿ. ಆ ಸಾಲು ಸವೆದಿದೆ. ಅದೊಂದು ಸಾಲಿಗಾಗಿಯೇ ನಾನು ಐದು ಸಲ ಹೋದದ್ದು.

ಹೊಲದ ಯಜಮಾನಿಗೆ ಐವತ್ತರ ಆಸುಪಾಸು. ಮೊದಲ ಭೇಟಿಯಿಂದಲೂ ಆಕೆಯೇ ನನಗೆ ದಾರಿ ತೋರಿಸಿದವರು, ಕನ್ನಡಿ ಹಿಡಿದವರು. ಕನ್ನಡಿಯ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಸವೆದ ಅಕ್ಷರದ ಮೇಲೆ ಬೆಳಕು ನೇರವಾಗಿ ಬಿದ್ದರೆ ಕಲ್ಲು ಬರೀ ಕಲ್ಲಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಬಿದ್ದರೆ ಮಾತ್ರ ಅಕ್ಷರದ ತಗ್ಗಿನಲ್ಲಿ ಗೆರೆಯಷ್ಟು ನೆರಳು ನಿಂತು ಓದಲು ಬರುತ್ತದೆ. ಬಿಸಿಲನ್ನು ಹಾಗೆ ಓರೆಯಾಗಿ ತಿರುಗಿಸಿ ಕಲ್ಲಿನ ಮೇಲೆ ಹಾಯಿಸಲು ಹಳೆಯ ಬೀರುವಿನ ಬಾಗಿಲಿನಿಂದ ಕಳಚಿದ ಕನ್ನಡಿಯೊಂದನ್ನು ನಾನು ಜೊತೆಗೆ ಒಯ್ಯುತ್ತೇನೆ. ಹಾಸುಬಂಡೆಯ ಎಡ ಅಂಚಿನಲ್ಲಿ, ಬಯಲಿನಲ್ಲಿ, ಆಕೆ ಅದನ್ನು ಹಿಡಿದು ನಿಲ್ಲುತ್ತಿದ್ದರು. ನಿಲ್ಲುವ ಮುಂಚೆ ಪ್ರತಿ ಸಲವೂ ಗುಂಡಿನ ಕಡೆ ತಿರುಗಿ ಎರಡು ಬಾರಿ ಗಟ್ಟಿಯಾಗಿ ಕೂಗು ಹಾಕುತ್ತಿದ್ದರು. ಮೇಕೆಗಳನ್ನು ಕರೆಯುತ್ತಿದ್ದಾರೆಂದು ನಾನು ತಿಳಿದಿದ್ದೆ. ಡೈರಿಯಲ್ಲಿ ಅದನ್ನು ಬರೆದುಕೊಂಡಿಲ್ಲ. ಶಾಸನಕ್ಕೆ ಸಂಬಂಧಿಸದ್ದನ್ನು ಬರೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಆಗ ನನ್ನಲ್ಲಿದ್ದದ್ದು ನಿವೃತ್ತಿಯ ವರ್ಷ ಕೊಂಡ ಚಿಕ್ಕ ಸೆನ್ಸರಿನ ಡಿಎಸ್ಎಲ್ಆರ್. ಪಾವಗಡದ ಕಡೆ ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿರುವ ಕಲ್ಲುಗಳಿಗೆ, ನಾಗಲಮಡಿಕೆಯ ದಾರಿಯ ವೀರಗಲ್ಲುಗಳಿಗೆ ಐವತ್ತು ಮಿಲಿಮೀಟರಿನ ಸಣ್ಣ ಲೆನ್ಸು ಸಾಕಾಗುತ್ತಿತ್ತು. ಹತ್ತಿರ ಹೋಗಿ ಮಂಡಿಯೂರಿದರೆ ಮುಗಿಯಿತು. ಈ ಗುಂಡಿಗೆ ಮಾತ್ರ ಮುನ್ನೂರರ ಉದ್ದ ಲೆನ್ಸು ಬೇಕಾಗಿತ್ತು. ಕೆಳಗಿನಿಂದ ಕತ್ತೆತ್ತಿ ತೆಗೆದರೆ ಅಕ್ಷರಗಳ ಆಕಾರ ಕೆಡುತ್ತದೆ. ಅಕ್ಷರಗಳ ಮಟ್ಟಕ್ಕೆ ಸರಿಯಾಗಿ ನಿಲ್ಲಬಹುದಾದ ಜಾಗ ಆ ಹಾಸುಬಂಡೆ. ಅಲ್ಲಿಂದ ಮುನ್ನೂರರ ಲೆನ್ಸಿನಲ್ಲಿ ಮೂರು ಸಾಲೂ ಚೌಕಟ್ಟಿನ ತುಂಬ ಬರುತ್ತಿದ್ದವು. ಆದರೆ ಚಿತ್ರವನ್ನು ಹಿಗ್ಗಿಸಿದರೆ ಮೂರನೆಯ ಸಾಲಿನಲ್ಲಿ ಮರಳು ಚೆಲ್ಲಿದಂತೆ ಚುಕ್ಕೆಗಳು. ಕ್ಯಾಮೆರಾ ಬದಲಿಸಬೇಕೆಂದು ನಿರ್ಧರಿಸಿದೆ.

ಸಿರಾದಲ್ಲಿ ಮದುವೆ ಫೋಟೋಗಳ ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬರು ಹೊಸ ಬಗೆಯ ಕ್ಯಾಮೆರಾಕ್ಕೆ ಹೋಗುತ್ತಿದ್ದು, ತಮ್ಮ ದೊಡ್ಡ ಸೆನ್ಸರಿನ ಡಿಎಸ್ಎಲ್ಆರನ್ನು ಮಾರುವವರಿದ್ದರು. ನನ್ನ ಹಳೆಯ ಲೆನ್ಸು ಅದಕ್ಕೂ ಕೂರುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಅವರು ಲೆನ್ಸನ್ನು ಕೂರಿಸಿ, ಅಂಗಡಿಯಿಂದಲೇ ಎದುರಿನ ಬೇಕರಿಯ ಬೋರ್ಡಿಗೆ ಗುರಿಯಿಟ್ಟು, ನನ್ನ ಕೈಗೆ ಕೊಟ್ಟರು.

"ಕೂತ್ಕೊಳ್ಳೋದೇನೋ ಬರಾಬರ್ ಕೂತ್ಕೊಳ್ತದೆ ಸಾರ್. ಆದ್ರೆ ನೋಡಿ, ಬೋರ್ಡು ಹಿಂದಕ್ಕೆ ಹೋದಂಗಿಲ್ವಾ?"

ಹೋದಂತಿತ್ತು. ಕಾರಣವನ್ನು ಅವರು ಸರಳವಾಗಿ ಹೇಳಿದರು. ಹಳೆಯ ಕ್ಯಾಮೆರಾದ ಚಿಕ್ಕ ಸೆನ್ಸರು ಲೆನ್ಸು ಕೊಡುವ ಬಿಂಬದ ನಡುಭಾಗವನ್ನಷ್ಟೇ ಕತ್ತರಿಸಿ ತೆಗೆದುಕೊಳ್ಳುತ್ತಿತ್ತು. ಆದ್ದರಿಂದ ಮುನ್ನೂರರ ಲೆನ್ಸು ನಾನೂರೈವತ್ತರಂತೆ ದೂರದ್ದನ್ನು ಹತ್ತಿರ ತರುತ್ತಿತ್ತು. ದೊಡ್ಡ ಸೆನ್ಸರಿನಲ್ಲಿ ಮುನ್ನೂರು ಎಂದರೆ ಮುನ್ನೂರೇ.

"ನಿಮ್ಮ ಬಂಡೆಗೆ ಆರುನೂರರ ಝೂಮ್ ತಗಳ್ಳಿ, ಜರೂರ್ ಬೇಕಾಗ್ತದೆ," ಎಂದು ಅವರು ಒಂದು ಲೆನ್ಸನ್ನು ಎತ್ತಿ ನನ್ನ ತೋಳಿನ ಮೇಲಿಟ್ಟರು. ಎರಡು ಕೆಜಿ ತೂಕ. ನನ್ನ ಬಲ ಮಂಡಿ ಆಗಲೇ ಪ್ರತಿಭಟಿಸಿತು.

"ಬೇಡ. ಒಂದೂವರೆ ಪಟ್ಟಿನ ಲೆಕ್ಕ ತಾನೇ? ಅರವತ್ತು ಹೆಜ್ಜೆಯ ಬದಲು ನಲವತ್ತರಲ್ಲಿ ನಿಂತರಾಯಿತು. ಅದೇ ಚೌಕಟ್ಟು ಬರುತ್ತದೆ."

ಅವರು ನಕ್ಕರು. "ನಾವು ಮದ್ವೆ ಮನೇಲಿ ಹತ್ರ ಹೋದ್ರೆ ಹೆಣ್ಣಿನ ತಾಯಿ ಬೈತಾಳೆ, ಅಷ್ಟೇಯ. ನಿಮ್ಮ ಬಂಡೆ ಹತ್ರ ಯಾರ್ ಬೈತಾರೋ ಆ ದೇವ್ರೇ ಬಲ್ಲ ಸಾರ್."

ಲೆಕ್ಕ ಸರಿಯಾಗಿತ್ತು. ಅದು ಈಗಲೂ ಸರಿಯಾಗಿಯೇ ಇದೆ.

ಐದನೆಯ ಭೇಟಿ ಹುಣಸೆಹಣ್ಣು ಬಡಿಯುವ ಕಾಲದ ಒಂದು ಗುರುವಾರ. ಮಧುಗಿರಿಯಿಂದ ಮೊದಲ ಬಸ್ಸಿಗೆ ಹೊರಟು ಹೊಲ ಮುಟ್ಟಿದಾಗ ಆಕೆಯ ಯಜಮಾನರು ಕೊನೆಯ ಹುಣಸೆಮರದ ಮೇಲಿದ್ದರು. ಯಜಮಾನಿ ನನ್ನ ಕೈಯಿಂದ ಕನ್ನಡಿ ಇಸಿದುಕೊಂಡು ಮುಂದೆ ನಡೆದರು. ಆವತ್ತು ಆಕೆಯ ಮಾತು ಎಂದಿಗಿಂತ ಜೋರಾಗಿತ್ತು.

"ಏನ್ ಮೇಷ್ಟ್ರೇ, ಕಲ್ಲು ಎಲ್ಗೂ ಓಡೋಗಾಕಿಲ್ಲ ಕಣಪ್ಪ! ಐದ್ ಸಲ ಫೋಟೋ ಹಿಡೀತೀರಲ್ಲ, ನಮ್ಮೆಜಮಾನ್ರು ಮದ್ವೇಲೂ ನಂದು ಒಂದೇ ಹಿಡ್ಸಿದ್ದು. ಅದ್ರಾಗೂ ಕಣ್ ಮುಚ್ಬುಟ್ಟಿವ್ನಿ!"

ನಾನು ಎಂದೂ ಪಾಠ ಹೇಳಿದವನಲ್ಲ. ಆದರೂ ಮೊದಲ ದಿನದಿಂದ ನಾನು ಆಕೆಗೆ ಮೇಷ್ಟ್ರು.

ಹಾಸುಬಂಡೆ ದಾಟಿ ಇಪ್ಪತ್ತು ಹೆಜ್ಜೆ ಎಣಿಸಿದೆ. ಅಲ್ಲಿ ಹಾಸುಬಂಡೆಯಷ್ಟೇ ಎತ್ತರದ ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಸುತ್ತ ಗುಂಡುಗಳ ಗುಂಪು. ಬಯಲಿನ ಗಾಳಿ ಅಲ್ಲಿಗೆ ಬರುತ್ತಿರಲಿಲ್ಲ. ಟ್ರೈಪಾಡ್ ನಿಲ್ಲಿಸಿ ನೋಡಿದೆ. ಚೌಕಟ್ಟು ಹಳೆಯ ಚಿತ್ರಗಳದ್ದೇ, ಗೆರೆ ಹಾಕಿದಂತೆ. ಆದರೆ ನಾನು ಮುಂದೆ ಬಂದುದರಿಂದ ಹಾಸುಬಂಡೆಯ ಅಂಚಿನಿಂದ ಬರುವ ಕನ್ನಡಿಯ ಬೆಳಕಿಗೆ ನಾನೇ ಅಡ್ಡವಾಗುತ್ತಿದ್ದೆ. ಹಾಗಾಗಿ ಆಕೆಯೂ ಮುಂದೆ ಹೋಗಬೇಕಾಯಿತು. ಶಾಸನದ ಎಡಕ್ಕೆ, ಬಿರುಕಿನ ಕೆಳಗೆ, ಒಬ್ಬರು ನಿಲ್ಲುವಷ್ಟು ಒಂದು ತಿಟ್ಟಿತ್ತು. ಬೆರಳು ಮಾಡಿ ತೋರಿಸಿದೆ. ಆಕೆ ಹತ್ತಿ ನಿಂತರು. ಚೌಕಟ್ಟಿನ ಎಡಮೂಲೆಯಲ್ಲಿ ಆಕೆಯ ತಲೆ, ಕನ್ನಡಿಯ ಅಂಚು ಕಾಣುತ್ತಿದ್ದವು; ಅದನ್ನು ಆಮೇಲೆ ಕತ್ತರಿಸಿದರಾಯಿತು ಎಂದುಕೊಂಡೆ.

ಆಕೆಯ ಮಾತು ಅಲ್ಲೂ ನಿಲ್ಲಲಿಲ್ಲ. ಗಂಡನ ಅಕ್ಕ ಹುಣಸೆಬೀಜ ಒಯ್ದು ಹಿಂದಕ್ಕೆ ಕೊಡದ ಕಥೆಯನ್ನು ಗುಂಡಿಗೇ ಹೇಳುತ್ತಿರುವಂತೆ ಕೂಗಿ ಹೇಳುತ್ತಿದ್ದರು. ಪ್ರತಿ ಮಾತಿಗೂ ಕನ್ನಡಿ ಅಲುಗಿ, ಬೆಳಕು ಅಕ್ಷರಗಳ ಮೇಲೆ ನೀರಿನಂತೆ ತುಳುಕುತ್ತಿತ್ತು. ಪರೀಕ್ಷೆಗೆಂದು ತೆಗೆದ ಮೊದಲ ಚಿತ್ರ ಮಸುಕಾಗಿ ಬಂತು.

"ನೋಡಿಯಮ್ಮ, ಮಾತಾಡಿದರೆ ಕೈ ಅಲುಗುತ್ತದೆ," ಎಂದೆ. "ನಾನು ಕೈ ಎತ್ತುವವರೆಗೂ ಒಂದು ಮಾತೂ ಬೇಡ. ಅಲುಗಲೂ ಬೇಡಿ."

ಆಕೆ ತಲೆಯೆತ್ತಿ ಬಿರುಕನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನನ್ ಬಾಯ್ ಮುಚ್ಸಾಕೆ ನಮ್ಮತ್ತೆ ಕೈಲೂ ಆಗ್ನಿಲ್ಲ. ಆಯ್ತು ಬುಡಿ, ನಿಮ್ ಕೆಲ್ಸ ಆಗ್ಲಿ."

ಬಂಡೆಗಳ ನಡುವೆ ಒಮ್ಮೆಗೇ ಮೌನ ಬಿತ್ತು. ಬೆಳಕು ನಿಂತಿತು. ಮೂರನೆಯ ಸಾಲಿನಲ್ಲಿ ಒಂದೊಂದೇ ಅಕ್ಷರ ಮೇಲೆದ್ದು ಬರತೊಡಗಿತು. ಕನ್ನಡಿಯ ಕೋನವನ್ನು ಬೆರಳಿನ ಸನ್ನೆಯಲ್ಲೇ ಬದಲಿಸಲು ಹೇಳುತ್ತ ಚಿತ್ರದ ಮೇಲೆ ಚಿತ್ರ ತೆಗೆದೆ. ಸಂವತ್ಸರದ ಹೆಸರಿನ ಮೊದಲ ಅಕ್ಷರವನ್ನು ಗುರುತಿಸಿದ್ದೇನೆಂದು ಅನ್ನಿಸಿತು. ಹೃದಯ ಹೊಡೆದುಕೊಳ್ಳುತ್ತಿದ್ದದ್ದು ಸಂತೋಷಕ್ಕೆ.

ಬಿರುಕಿನ ಕತ್ತಲೆ ದಪ್ಪವಾಗಿದೆ ಎಂದು ತೋರಿದ್ದು ಆಗ. ಮೋಡದ ನೆರಳಿರಬೇಕು ಎಂದುಕೊಂಡೆ. ನೆರಳಿಗೆ ಒಂದು ತುದಿಯಿತ್ತು. ತುದಿ ಬೂದಿಯ ಬಣ್ಣದ್ದಾಗಿತ್ತು. ಅದು ಗಾಳಿಯನ್ನು ಮೂಸುತ್ತ ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಕರಡಿಯ ಮೂತಿ.

ಉದ್ದ ಲೆನ್ಸಿನ ಒಂದು ಗುಣವನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆ: ಹಿಂದೆ ಮುಂದೆ ಇರುವ ವಸ್ತುಗಳ ನಡುವಿನ ಅಂತರವನ್ನು ಅದು ನುಂಗಿಬಿಡುತ್ತದೆ. ವ್ಯೂಫೈಂಡರಿನಲ್ಲಿ ಆ ಮೂತಿ ಆಕೆಯ ನೆತ್ತಿಯಿಂದ ಒಂದು ಗೇಣು ಮೇಲೆ ಇತ್ತು. ಗೇಣೋ, ಒಂದು ಮಾರೋ, ಎರಡು ಮಾರೋ? ಕ್ಯಾಮೆರಾದಿಂದ ಕಣ್ಣು ತೆಗೆದು ನೇರವಾಗಿ ನೋಡಿದೆ. ನಲವತ್ತು ಹೆಜ್ಜೆಯಾಚೆ, ಬಿಸಿಲಿನಲ್ಲಿ ಕನ್ನಡಿ ಹಿಡಿದ ಹೆಂಗಸು, ಮೇಲೆ ಕಪ್ಪು ಬಿರುಕು, ಕರಡಿಯೇ ಇಲ್ಲ. ಮತ್ತೆ ಲೆನ್ಸಿನಲ್ಲಿ ನೋಡಿದೆ. ಮೂತಿಯ ಹಿಂದೆ ಈಗ ಎರಡು ಪಂಜಗಳೂ ಕಲ್ಲಿನ ಅಂಚಿನ ಮೇಲಿದ್ದವು. ಉಗುರುಗಳನ್ನು ಎಣಿಸಬಹುದಾಗಿತ್ತು.

ಕೂಗಬೇಕು. ಕೂಗಿದರೆ ಆಕೆ ಬೆಚ್ಚಿ ತಿರುಗುತ್ತಾರೆ. ಕೈ ಎತ್ತಬೇಕು. ಎತ್ತಿದರೆ ಕೆಲಸ ಮುಗಿಯಿತೆಂದು ಕನ್ನಡಿ ಇಳಿಸಿ ಅಲುಗುತ್ತಾರೆ. ಎತ್ತದಿದ್ದರೆ ಅಲ್ಲೇ ನಿಂತಿರುತ್ತಾರೆ. ಈ ಮೂರನ್ನೂ ನಾನು ಯೋಚಿಸಿದೆ ಎಂಬುದು ನಿಜ. ಯೋಚಿಸಿ ಯಾವುದನ್ನೂ ಮಾಡಲಿಲ್ಲ ಎಂಬುದೂ ನಿಜ. ಆ ನಿಶ್ಶಬ್ದದಲ್ಲಿ ಕ್ಯಾಮೆರಾ ಒಮ್ಮೆ ಸದ್ದು ಮಾಡಿತು. ಒತ್ತಿದ್ದು ನನ್ನದೇ ಬೆರಳು.

ಆಗ ಆಕೆ ಬಾಯಿ ತೆರೆದರು. ತಿರುಗಲಿಲ್ಲ, ಬೆಚ್ಚಲಿಲ್ಲ.

"ಏನ್ ಮೇಷ್ಟ್ರೇ, ನೀವೂ ಕಲ್ಲಾಗ್ಬುಟ್ರಾ!" ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಗದರಿದರು. ಅದೇ ಉಸಿರಿನಲ್ಲಿ ಕನ್ನಡಿಯನ್ನು ಮೇಲಕ್ಕೆ ಓರೆ ಮಾಡಿದರು. ಅಕ್ಷರಗಳ ಮೇಲಿದ್ದ ಬಿಸಿಲು ಜಿಗಿದು ಬಿರುಕಿನೊಳಗೆ ಹೊಕ್ಕಿತು. ಒಳಗಿನಿಂದ ಗಂಟಲು ಹರಿದಂತಹ ಒಂದು ಸದ್ದು ಬಂತು. ಕರಡಿ ತಲೆ ಒದರಿ ಹಿಂದಕ್ಕೆ ಸರಿಯಿತು; ತಿರುಗುವಾಗ ಅದರ ಬೆನ್ನಿನ ರೋಮದ ನಡುವೆ ಅಂಟಿಕೊಂಡಿದ್ದ ಒಂದು ಪುಟ್ಟ ತಲೆ ಕಂಡಿತು. ಮರಿ.

"ಹಿಂದಿಂದಕ್ಕೇ ನಡೀರಿ. ಓಡ್ಬ್ಯಾಡಿ ಕಣಪ್ಪ, ಓಡ್ಬ್ಯಾಡಿ. ಮಾತಾಡ್ಕೊಂಡೇ ಬನ್ನಿ, ಏನಾರ ಮಾತಾಡಿ!" ಎನ್ನುತ್ತ ಆಕೆ ಕನ್ನಡಿಯನ್ನು ಬಿರುಕಿನ ಕಡೆಗೇ ಹಿಡಿದು, ತಿಟ್ಟಿನಿಂದ ಹಿಮ್ಮುಖವಾಗಿ ಇಳಿದರು. ಏನು ಮಾತಾಡುವುದು? ನಾನು ಟ್ರೈಪಾಡನ್ನು ಕ್ಯಾಮೆರಾ ಸಮೇತ ಅವಚಿಕೊಂಡು, ಸಂವತ್ಸರಗಳ ಹೆಸರನ್ನು ಹೇಳುತ್ತ ಹಿಂದೆ ಹಿಂದೆ ನಡೆದೆ. ಪ್ರಭವ, ವಿಭವ, ಶುಕ್ಲ. ಹಾಸುಬಂಡೆ ಸಿಕ್ಕಿದಾಗ ಎಷ್ಟನೆಯದಕ್ಕೆ ಬಂದಿದ್ದೆನೋ ನೆನಪಿಲ್ಲ.

ಹುಣಸೆಮರದ ಕೆಳಗೆ ಬಂದು ಕೂತ ಮೇಲೆ ಆಕೆ ಕನ್ನಡಿಯನ್ನು ಕವುಚಿ ಪಕ್ಕಕ್ಕಿಟ್ಟರು. ಮರದ ಮೇಲಿಂದ ಯಜಮಾನರು ಕೇಳಿದರು: "ಏನ್ಲೇ, ಮಕ ಯಾಕೆ ಇಂಗಾಗೈತೆ?"

"ಬಿಸ್ಲು," ಎಂದರು ಆಕೆ. "ನೀನು ಬಡಿಯೋ ಕೆಲ್ಸ ನೋಡು." ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು: "ನಿಮ್ಗೆ ಕಾಣ್ತಿರ್ನಿಲ್ವಾ ಮೇಷ್ಟ್ರೇ? ಅಷ್ಟುದ್ದದ ಮಿಷನ್ನು ಇಕ್ಕೊಂಡು ನೋಡ್ತಿದ್ರಲ್ಲ."

"ನನಗೆ ಕಂಡ ತಕ್ಷಣ ನೀವೇ ಕೂಗಿದಿರಿ," ಎಂದೆ. "ಎರಡು ಮೂರು ಸೆಕೆಂಡು ಅಷ್ಟೇ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನನಗೆ ಹಾಗೆಯೇ ನೆನಪಿತ್ತು.

ಮೂರು ದಿನ ಕ್ಯಾಮೆರಾದ ಚೀಲವನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿದೆ. ಮೊದಲಿಗೆ ಕಾಲವೇ ಹೊಂದಲಿಲ್ಲ: ಚಿತ್ರದ ಕಡತಗಳಲ್ಲಿ ದಾಖಲಾದ ಸಮಯದ ಪ್ರಕಾರ ನಾನು ಆ ಗುಂಡನ್ನು ತೆಗೆದದ್ದು ರಾತ್ರಿ. ಡೈರಿ ಮತ್ತು ಬಸ್ಸಿನ ಟಿಕೆಟನ್ನು ಎದುರಿಗಿಟ್ಟು ನೋಡಿದಾಗ, ಕ್ಯಾಮೆರಾದ ಗಡಿಯಾರ ಹನ್ನೆರಡು ಗಂಟೆ ತಪ್ಪಾಗಿರುವುದು ಗೊತ್ತಾಯಿತು. ಅದನ್ನು ತಿದ್ದಿದ ಮೇಲೆ ಉಳಿದದ್ದು ನಿಮಿಷ ಸೆಕೆಂಡುಗಳ ಲೆಕ್ಕ, ಅದರಲ್ಲಿ ತಪ್ಪಿರಲಿಲ್ಲ.

ಕೊನೆಯ ಚಿತ್ರದಲ್ಲಿ ಮೂತಿ, ಪಂಜ ಎರಡೂ ಇವೆ. ಅದು ನನಗೆ ತಿಳಿಯದೆ ಒತ್ತಿದ್ದು. ಅದರ ಹಿಂದಿನದನ್ನು ಹಿಗ್ಗಿಸಿದೆ. ಅದರಲ್ಲೂ ಮೂತಿಯಿದೆ. ಅದಕ್ಕೂ ಹಿಂದಿನದರಲ್ಲಿ ಬಿರುಕಿನ ಅಂಚಿಗೆ ಬೂದು ಬಣ್ಣದ ಒಂದು ಚುಕ್ಕೆ. ಆ ಚುಕ್ಕೆಯಿಂದ ಕೊನೆಯ ಚಿತ್ರಕ್ಕೆ ನಲವತ್ತೊಂದು ಸೆಕೆಂಡು. ನಲವತ್ತೊಂದನ್ನು ಗೋಡೆ ಗಡಿಯಾರ ನೋಡುತ್ತ ಕೂತು ಎಣಿಸಿದೆ. ಬಹಳ ದೀರ್ಘವಾದ ಕಾಲ ಅದು. ಮೂರೂ ಚಿತ್ರಗಳಲ್ಲಿ ಲೆನ್ಸಿನ ಫೋಕಸ್ ಮೂರನೆಯ ಸಾಲಿನ ಮೇಲೆ ಅತ್ಯಂತ ಸ್ಪಷ್ಟವಾಗಿ ನಿಂತಿದೆ. ನಾನು ನಿಜವಾಗಿಯೂ ನೋಡಿರಲಿಲ್ಲವೇ? ಬಿರುಕಿನಲ್ಲಿ ಏನೋ ಇದೆ ಎಂದು ತಿಳಿದೂ, ಅಕ್ಷರಕ್ಕಾಗಿ ಇನ್ನೊಂದು ಸಲ ಒತ್ತಿದೆನೇ? ಇದಕ್ಕೆ ನನ್ನ ಮನಸ್ಸನ್ನು ಬಿಟ್ಟರೆ ಬೇರೆ ಆಧಾರವಿಲ್ಲ, ಮತ್ತು ಆ ಆಧಾರವನ್ನು ನಾನು ನಂಬುವುದಿಲ್ಲ.

ಹೇಳದೆ ಇರಲಾಗಲಿಲ್ಲ. ಮುಂದಿನ ಗುರುವಾರ ಕ್ಯಾಮೆರಾ ಇಲ್ಲದೆ, ಚಿತ್ರಗಳ ಪ್ರಿಂಟ್ ಮಾತ್ರ ಹಿಡಿದು ಹೋದೆ. ಬಸ್ಸಿಳಿದು ಹೊಲದವರೆಗಿನ ದಾರಿಯಲ್ಲಿ ಪ್ರತಿ ಕಲ್ಲಿನ ಹಿಂದೆಯೂ ಏನೋ ಉಸಿರಾಡುತ್ತಿತ್ತು. ಆಕೆ ಮನೆಯ ಮುಂದಿನ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಎರಡು ಮೂರು ಸೆಕೆಂಡಲ್ಲ," ಎಂದೆ, ಪ್ರಿಂಟುಗಳನ್ನು ಮುಂದಿಟ್ಟು. "ನಲವತ್ತೊಂದು. ಅಷ್ಟು ಹೊತ್ತು ನಾನು ಸುಮ್ಮನಿದ್ದೆ."

ಆಕೆ ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು ಒಂದು ಪ್ರಿಂಟನ್ನು ಎತ್ತಿ ದೂರ ಹಿಡಿದು ನೋಡಿದರು.

"ಅಯ್ಯೋ, ಇದ್ರಾಗೆ ನನ್ ಕಣ್ಣು ತೆರ್ದೈತೆ ನೋಡಿ," ಎಂದು ನಕ್ಕರು. ನಾನು ನಗಲಿಲ್ಲ. ಆಗ ಆಕೆ ಪ್ರಿಂಟನ್ನು ಕೆಳಗಿಟ್ಟರು.

"ನಲವತ್ತೊಂದು ಅಂತ ಯಾಕೆ ಲೆಕ್ಕ ಹಾಕ್ತೀರಿ ಮೇಷ್ಟ್ರೇ? ಅದ್ರ ವಾಸ್ನೆ ನಂಗೆ ತಿಟ್ಟು ಹತ್ತಿದಾಗ್ಲೇ ಬಂದಿತ್ತು. ನೆನ್ನೇದೋ ಇವತ್ತಿಂದೋ ಗೊತ್ತಾಗ್ನಿಲ್ಲ. ಅದ್ಕೇ ಅಷ್ಟು ಜೋರಾಗಿ ಮಾತಾಡ್ತಿದ್ದೆ. ನಮ್ ಮಾವ್ನೋರ ಕಾಲ್ದಿಂದ್ಲೂ ಅಂಗೇ. ಅದ್ರ ಮನೆ ಹತ್ರ ಹೋಗ್ವಾಗ ಬಂದೀವಿ ಅಂತ ಹೇಳ್ಕಂಡೇ ಹೋಗ್ಬೇಕು. ಮಾತು ಕೇಳಿದ್ರೆ ಆ ಕಡೆ ಸಂದೀಲಿ ಎದ್ದೋಗ್ತದೆ."

"ಮತ್ತೆ ನಾನು ಸುಮ್ಮನಿರಿ ಎಂದಾಗ ಯಾಕೆ ಸುಮ್ಮನಾದಿರಿ?"

"ನೀವು ಓದ್ದೋರು. ಐದ್ ಸಲ ಬಂದಿದ್ರಿ. ಮಾತಾಡಿದ್ರೆ ಕೆಟ್ಟೋಗ್ತದೆ ಅಂದ್ರಿ. ಕೈ ಎತ್ತೋಗಂಟ ಅಂದ್ರಿ." ಆಕೆ ಮತ್ತೊಂದು ಹಣ್ಣನ್ನು ಸೀಳಿ ಬೀಜ ಬೇರೆ ಮಾಡಿದರು. "ಅದು ಉಸ್ರು ಬುಡೋದು ಕೇಳಿದ್ಮೇಲೆ ಇನ್ ತಡ್ಯಾಕೆ ಆಗ್ನಿಲ್ಲ. ಅದ್ಕೇ ಬೈದ್ಬುಟ್ಟೆ. ತಪ್ಪು ತಿಳ್ಕಾಬ್ಯಾಡಿ."

ಆಕೆ ಕೊಟ್ಟ ಮಜ್ಜಿಗೆಯನ್ನು ಕುಡಿದೆನೋ ಬಿಟ್ಟೆನೋ ನೆನಪಿಲ್ಲ, ಡೈರಿಯಲ್ಲೂ ಬರೆದಿಲ್ಲ.

ಮನೆಗೆ ಬಂದು ಎಲ್ಲ ಚಿತ್ರಗಳನ್ನೂ ಮೊದಲಿನಿಂದ ತೆರೆದೆ. ಆರಂಭದ ಬಿಂದುವನ್ನೇ ನಾನು ತಪ್ಪಾಗಿ ಗುರುತಿಸಿದ್ದೆ. ಮಸುಕಾಗಿ ಬಂದ ಪರೀಕ್ಷೆಯ ಚಿತ್ರದಲ್ಲಿ, ಎಡಮೂಲೆಯಲ್ಲಿ, ಆಕೆಯ ಬಾಯಿ ತೆರೆದಿದೆ. ಅದರ ಮುಂದಿನದರಲ್ಲಿ ಮುಚ್ಚಿದೆ. ಕಣ್ಣು ಮೇಲಕ್ಕೆ, ಬಿರುಕಿನ ಕಡೆಗೆ ಹೊರಳಿದೆ. ಅಲ್ಲಿಂದ, ಅಂದರೆ ನಾನು ಆಕೆಯನ್ನು ಸುಮ್ಮನಾಗಿಸಿದಲ್ಲಿಂದ, ಕೊನೆಯ ಚಿತ್ರದವರೆಗೆ ಹನ್ನೊಂದು ನಿಮಿಷ. ಎರಡು ಸಲ ಕಳೆದು ನೋಡಿದೆ; ಹನ್ನೊಂದೇ. ಅಷ್ಟರಲ್ಲಿ ನಾನು ಇಪ್ಪತ್ತೆರಡು ಚಿತ್ರಗಳನ್ನು ತೆಗೆದಿದ್ದೇನೆ. ಒಂದರಲ್ಲೂ ಬೆಳಕು ಕೂದಲೆಳೆಯಷ್ಟೂ ಅಲುಗಿಲ್ಲ.